ಉಳಿದ ಪಲ್ಯ, ಗಟ್ಟಿಯಾದ ನೂಡಲ್ಸು: ಬಾಣಲೆಗೆ ಯಾವುದು ಮೊದಲು?

ಪ್ರಶ್ನೆ: ನಮ್ಮನೆ ಫ್ರಿಡ್ಜಲ್ಲಿ ಯಾವಾಗ ನೋಡಿದ್ರೂ ಚಿಕ್ಕ ಚಿಕ್ಕ ಡಬ್ಬಿಗಳು. ಇವತ್ತು ಇರೋದು ಹೇಳ್ತೀನಿ: ನಿನ್ನೆ ರಾತ್ರಿ ಜಾಸ್ತಿ ಬೇಯಿಸಿ ಉಳಿದ ಹಕ್ಕಾ ನೂಡಲ್ಸು (ಒಂದೇ ಗಡ್ಡೆ ಆಗಿದೆ), ಕಾಯಿ ಹಾಕಿದ ಬೀನ್ಸ್ ಪಲ್ಯ, ಆಲೂಗೆಡ್ಡೆ ಪಲ್ಯ, ನಾಲ್ಕು ಪೀಸು ಚಿಕನ್ ಕಬಾಬು, ಕಾಲು ಭಾಗ ಕೋಸು, ಒಂದು ಕ್ಯಾಪ್ಸಿಕಂ, ಮೂರು ಚಪಾತಿ. ಎಲ್ಲಾ ಒಟ್ಟಿಗೆ ಬಾಣಲೆಗೆ ಹಾಕಿ ಸಾಸ್ ಸುರಿದು ಹುರಿದ್ರೆ ಮುದ್ದೆ ಮುದ್ದೆ ಆಗತ್ತೆ, ಮಕ್ಕಳು ಮೂಗು ಮುರೀತಾರೆ. ಗಾಡಿಯವರ ಥರ ಬಿಡಿ ಬಿಡಿಯಾಗಿ ಬರೋಕೆ ಏನ್ ಮಾಡ್ಬೇಕು? ನಮ್ಮತ್ತೆ ಬೇರೆ, ತಂಗಳು ತಿನ್ನಿಸಿ ಮಕ್ಕಳ ಹೊಟ್ಟೆ ಕೆಡಿಸ್ತೀಯ ಅಂತಾರೆ.

ಉತ್ತರ: ಮೊದಲು ನಿಮ್ಮತ್ತೆಯವರ ಮಾತಿಗೇ ಬರ್ತೀನಿ, ಅದು ಇತ್ಯರ್ಥ ಆಗ್ದೆ ರುಚಿ ವಿಷಯ ಮಾತಾಡಿ ಪ್ರಯೋಜನ ಇಲ್ಲ. ಅವರು ಹೇಳೋದ್ರಲ್ಲಿ ಅರ್ಧ ಸರಿ ಇದೆ. ತಂಗಳು ಅಂದ ತಕ್ಷಣ ಕೆಟ್ಟಿದ್ದು ಅಂತಲ್ಲ, ಅದು ರಾತ್ರಿ ಎಲ್ಲಿತ್ತು, ಎಷ್ಟು ಹೊತ್ತಿಗೆ ಫ್ರಿಡ್ಜಿಗೆ ಹೋಯ್ತು ಅನ್ನೋದನ್ನ ನೋಡ್ಬೇಕು. ಅನ್ನ, ನೂಡಲ್ಸು, ಪಾಸ್ತಾ ಇಂಥದ್ರಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಇರಬಹುದು, ಅದರ ಬೀಜಕಗಳು ಕುದಿಯೋ ನೀರಲ್ಲೂ ಬದುಕಿ ಉಳಿಯತ್ವೆ. ಬೇಯಿಸಿದ್ದನ್ನ ಕಟ್ಟೆ ಮೇಲೇ ಬಿಟ್ರೆ ಆ ಉಗುರುಬೆಚ್ಚಗಿನಲ್ಲಿ ಅವು ಬೆಳೆದು ಒಂದು ವಿಷ ಬಿಡ್ತವೆ, ಆ ವಿಷ ಆಮೇಲೆ ಎಷ್ಟೇ ಹುರಿದ್ರೂ ಹೋಗಲ್ಲ. ಚೆನ್ನಾಗಿ ಬಿಸಿ ಮಾಡಿದ್ರೆ ಸರಿಹೋಗತ್ತೆ ಬಿಡು ಅಂತ ನಾವೆಲ್ಲಾ ಅನ್ಕೊಂಡಿರ್ತೀವಲ್ಲ, ಈ ವಿಷಯದಲ್ಲಿ ಮಾತ್ರ ಅದು ನಡೆಯಲ್ಲ. 2008ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಹಿಂದೆ ಮಾಡಿ ಅಡುಗೆಮನೆಯಲ್ಲಿ ಹೊರಗಡೆಯೇ ಇಟ್ಟಿದ್ದ ಸ್ಪಗೆಟ್ಟಿಯನ್ನ ಮೈಕ್ರೋವೇವಲ್ಲಿ ಬಿಸಿ ಮಾಡ್ಕೊಂಡು ತಿಂದು ತೀರ್ಕೊಂಡ, 2011ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟ ಆಯ್ತು. ಅಷ್ಟು ದೂರ ಹೋಗೋದು ತೀರಾ ಅಪರೂಪ, ಸಾಮಾನ್ಯವಾಗಿ ವಾಂತಿ ಭೇದಿಗೆ ಮುಗಿಯತ್ತೆ. ಆದ್ರೂ ಮಕ್ಕಳಿರೋ ಮನೆ, ಹಗುರವಾಗಿ ತಗೋಬೇಡಿ.

ಹಾಗಾಗಿ ನಮ್ಮನೆ ರೂಲ್ಸು ಇಷ್ಟೇ. ಬೇಯಿಸಿದ ಎರಡು ಗಂಟೆಯೊಳಗೆ ಫ್ರಿಡ್ಜು, ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಾದ್ರೆ ಒಂದೇ ಗಂಟೆ. ದೊಡ್ಡ ಪಾತ್ರೆ ಸಮೇತ ಇಟ್ರೆ ಒಳಗಡೆ ತಣ್ಣಗಾಗೋಕೇ ರಾತ್ರಿಯೆಲ್ಲಾ ಬೇಕು, ಅಗಲವಾದ ಡಬ್ಬಿಯಲ್ಲಿ ಹರಡಿ ಇಡಿ. ನೂಡಲ್ಸು, ಅನ್ನ, ಕಾಯಿ ಹಾಕಿದ ಪಲ್ಯ ಮಾರನೇ ದಿನವೇ ಖಾಲಿಯಾಗ್ಬೇಕು. ನಿಮ್ಮ ನೂಡಲ್ಸು ನಿನ್ನೆ ರಾತ್ರಿ ಊಟ ಮುಗಿದ ತಕ್ಷಣ ಒಳಗೆ ಹೋಗಿದ್ರೆ ಧೈರ್ಯವಾಗಿ ಬಳಸಿ. ಬೆಳಿಗ್ಗೆ ಎದ್ದು ನೋಡಿ ಅಯ್ಯೋ ಹೊರಗೇ ಇದೆ ಅಂತ ಎತ್ತಿಟ್ಟಿದ್ರೆ, ವಾಸನೆ ಚೆನ್ನಾಗಿದ್ರೂ ಬಿಸಾಕಿ, ಆ ವಿಷಕ್ಕೆ ವಾಸನೆಯೂ ಇಲ್ಲ ರುಚಿಯೂ ಇಲ್ಲ.

ಈಗ ಮುದ್ದೆ ಸಮಸ್ಯೆ. ನೀವು ಗಾಡಿಯವರ ಥರ ಬರ್ಬೇಕು ಅಂದ್ರಲ್ಲ, ಸಂಜೆ ಐದು ಗಂಟೆಗೆ ಯಾವುದಾದ್ರೂ ಫಾಸ್ಟ್‌ಫುಡ್ ಗಾಡಿ ಹತ್ರ ಸುಮ್ನೆ ನಿಂತು ನೋಡಿ. ಅವರು ಆರ್ಡರ್ ಬಂದಮೇಲೆ ನೂಡಲ್ಸ್ ಬೇಯಿಸಲ್ಲ. ಮಧ್ಯಾಹ್ನವೇ ಬೇಯಿಸಿ ಬಸಿದು ಎಣ್ಣೆ ಸವರಿ ಆರಿಸಿ ಒಂದು ದೊಡ್ಡ ಟಬ್ಬಲ್ಲಿ ಮುಚ್ಚಿಟ್ಟಿರ್ತಾರೆ, ಕೋಸು ಕ್ಯಾರೆಟ್ಟು ಹೆಚ್ಚಿ ಪಕ್ಕದಲ್ಲಿ ರಾಶಿ ಹಾಕಿರ್ತಾರೆ. ಅಂದ್ರೆ ಗಾಡಿ ನೂಡಲ್ಸು ಕೂಡ ತಣ್ಣಗಿರೋ ನೂಡಲ್ಸಿಂದಾನೇ ಆಗೋದು. ಬೆಂದ ಪಿಷ್ಟ ತಣ್ಣಗಾದಾಗ ಬಿಗಿಯಾಗತ್ತೆ, ಮೇಲಿನ ಅಂಟು ಕಮ್ಮಿಯಾಗತ್ತೆ, ಎಳೆ ಮುರಿಯಲ್ಲ. ಆಗಷ್ಟೇ ಬಸಿದ ಬಿಸಿ ನೂಡಲ್ಸನ್ನ ಬಾಣಲೆಗೆ ಹಾಕಿದ್ರೇನೇ ಮುದ್ದೆ ಆಗೋದು ಜಾಸ್ತಿ. ಉಳಿದ ನೂಡಲ್ಸು ನಿಮ್ಮ ಕೈಲಿದೆ ಅಂದ್ರೆ ಅರ್ಧ ಕೆಲಸ ಆಗಲೇ ಮುಗಿದಿದೆ, ಅದನ್ನ ಕಮ್ಮಿ ಅಂತ ನೋಡ್ಬೇಡಿ.

ಹಾಗಾದ್ರೆ ಮುದ್ದೆ ಆಗ್ತಿರೋದು ಯಾಕೆ? ನೀರಿಂದ. ಫ್ರಿಡ್ಜಿಂದ ತೆಗೆದ ಪಲ್ಯದಲ್ಲಿ ನೀರಿದೆ, ತೊಳೆದ ಕೋಸಲ್ಲಿ ನೀರಿದೆ, ಸಾಸಲ್ಲಿ ನೀರಿದೆ, ಎಲ್ಲಾ ಒಟ್ಟಿಗೆ ಬಾಣಲೆಗೆ ಬಿದ್ರೆ ಬಾಣಲೆ ತಣ್ಣಗಾಗಿ ಆ ನೀರೆಲ್ಲಾ ಹೊರಗೆ ಬರತ್ತೆ. ನೀರಿರೋ ತನಕ ಅಲ್ಲಿ ಶಾಖ 100 ಡಿಗ್ರಿ ದಾಟಲ್ಲ. ನಾವು ಹುರಿದ ಘಮ ಅಂತ ಏನನ್ನ ಅಂತೀವಿ, ಆ ಕೆಂಪಗಾಗೋದು, ಅದು ಚುರುಕಾಗಿ ಶುರುವಾಗೋದೇ 140 ಡಿಗ್ರಿ ಆಸುಪಾಸಿಂದ ಮೇಲೆ. ಅಂದ್ರೆ ನೀವು ಹುರೀತಿದೀನಿ ಅನ್ಕೊಂಡು ಬೇಯಿಸ್ತಾ ಇದೀರ, ಅದೂ ಈಗಾಗಲೇ ಬೆಂದಿರೋದನ್ನ ಎರಡನೇ ಸಲ. ಕಿವಿ ಕೊಟ್ಟು ಕೇಳಿ, ಹುರಿಯೋವಾಗ ಚಟಪಟ ಚರ್ರ್ ಅಂತ ಜೋರು ಸದ್ದು ಇರತ್ತೆ, ನೀರು ಬಿಟ್ಟುಕೊಂಡ ಕ್ಷಣ ಅದು ಬುಳುಬುಳು ಅಂತ ಮೆತ್ತಗಾಗತ್ತೆ. ಸದ್ದು ಮೆತ್ತಗಾಯ್ತು ಅಂದ್ರೆ ಮುಂದಿನದನ್ನ ಹಾಕ್ಬೇಡಿ, ಕಾಯಿರಿ.

ಇನ್ನೊಂದು, ಗಾಡಿಯವರ ಬರ್ನರ್ ಜ್ವಾಲೆ ನಮ್ಮನೆ ಸ್ಟವ್‌ಗಿಂತ ಎಷ್ಟೋ ಪಟ್ಟು ಜೋರು, ಹಾಕಿದ ನೀರು ಹಾಕಿದ ಹಾಗೇ ಹಾರಿಹೋಗತ್ತೆ. ನಮಗೆ ಆ ಅನುಕೂಲ ಇಲ್ಲ, ಅದಕ್ಕೆ ಇರೋದು ಒಂದೇ ದಾರಿ, ಸ್ವಲ್ಪ ಸ್ವಲ್ಪ ಮಾಡೋದು. ಒಂದು ಸಲಕ್ಕೆ ಎರಡು ಪ್ಲೇಟು, ಅಷ್ಟೇ. ನಾಲ್ಕು ಜನಕ್ಕೆ ಬೇಕಂದ್ರೆ ಎರಡು ಸಲ ಮಾಡಿ, ಒಂದೊಂದು ಸಲಕ್ಕೆ ಐದಾರು ನಿಮಿಷ ತಾನೇ. ಒಂದೇ ಸಲ ಎಲ್ಲಾ ಸುರಿದು ಅಗಲ ಮುಚ್ಚಳ ಮುಚ್ಚಿ ಇಡೋರನ್ನ ನೋಡಿದ್ರೆ ನನಗೆ ಸಂಕಟ ಆಗತ್ತೆ. ನೂಡಲ್ಸಿಗೆ ಮುಚ್ಚಳ ಯಾವತ್ತೂ ಬೇಡ.

ಪಾತ್ರೆ ಕಬ್ಬಿಣದ ಬಾಣಲೆ ಆದ್ರೆ ತುಂಬಾ ಒಳ್ಳೇದು, ಒಗ್ಗರಣೆ ಹಾಕಿ ಹಾಕಿ ಕಪ್ಪಗೆ ಪಳಗಿದ್ದು ಮನೇಲಿ ಇದ್ದೇ ಇರತ್ತೆ. ನಾನ್‌ಸ್ಟಿಕ್ ಇದ್ರೆ ಮಧ್ಯಮಕ್ಕಿಂತ ಸ್ವಲ್ಪ ಜಾಸ್ತಿ ಉರಿ ಸಾಕು, ಖಾಲಿ ನಾನ್‌ಸ್ಟಿಕ್ಕನ್ನ ಹೊಗೆ ಬರೋ ತನಕ ಕಾಯಿಸ್ಬೇಡಿ, 260 ಡಿಗ್ರಿ ದಾಟಿದ್ರೆ ಅದರ ಲೇಪನ ಹಾಳಾಗೋಕೆ ಶುರುವಾಗತ್ತೆ.

ಸರಿ, ಈಗ ನಿಮ್ಮ ಡಬ್ಬಿಗಳನ್ನ ಒಂದೊಂದಾಗಿ ತೆಗೀರಿ. ಎಲ್ಲವನ್ನೂ ಬಾಣಲೆ ಒಳಗೆ ಬಿಡೋಕಾಗಲ್ಲ. ಫ್ರಿಡ್ಜ್ ಖಾಲಿ ಮಾಡೋದೇ ಉದ್ದೇಶ ಅಂತ ಅಡುಗೆ ಮಾಡಿದ್ರೆ ಅದು ತಿನ್ನೋವಾಗ ಗೊತ್ತಾಗ್ಬಿಡತ್ತೆ, ಮಕ್ಕಳಿಗಂತೂ ಮೊದಲನೇ ತುತ್ತಿಗೇ.

ಆಲೂಗೆಡ್ಡೆ ಪಲ್ಯ ಬೇಡವೇ ಬೇಡ, ಬಾಣಲೆಗೆ ಬಿದ್ದ ತಕ್ಷಣ ಒಡೆದು ಪ್ರತಿ ಎಳೆಗೂ ಮೆತ್ಕೊಳತ್ತೆ, ನಿಮ್ಮ ಮುದ್ದೆಗೆ ಇದೂ ಒಂದು ಕಾರಣ ಅಂತ ನನ್ನ ಅನುಮಾನ. ಅದನ್ನ ಬೆಳಿಗ್ಗೆ ದೋಸೆ ಒಳಗಿಡಿ, ಬ್ರೆಡ್ ಟೋಸ್ಟ್ ಮಾಡಿ. ಹಾಗೇ ಬದನೆಕಾಯಿ, ಕುಂಬಳ, ಬೆಂಡೆಕಾಯಿ, ಸಾಗು, ಗೊಜ್ಜು, ಇವು ಯಾವುದೂ ನೂಡಲ್ಸಿಗೆ ಆಗಿಬರಲ್ಲ. ಬೀಟ್‌ರೂಟ್ ಪಲ್ಯ ರುಚಿಗೆ ಪರವಾಗಿಲ್ಲ, ಆದ್ರೆ ಇಡೀ ಬಾಣಲೆ ಗುಲಾಬಿ ಬಣ್ಣ ಆಗತ್ತೆ, ಮಕ್ಕಳಿಗೆ ಅದೇ ಖುಷಿ ಆದ್ರೆ ಹಾಕಿ. ಸಾಂಬಾರಲ್ಲಿರೋ ತರಕಾರಿ ತೊಳೆದು ಹಾಕಬಹುದಾ ಅಂತ ತುಂಬಾ ಜನ ಕೇಳ್ತಾರೆ, ದಯವಿಟ್ಟು ಬೇಡ.

ಕಾಯಿ ಹಾಕಿದ ಬೀನ್ಸ್ ಪಲ್ಯ ಮಾತ್ರ ಸ್ವಲ್ಪ ಯೋಚನೆ ಮಾಡಿ ಬಳಸೋ ವಸ್ತು. ಸೋಯಾ ಸಾಸು, ತೆಂಗಿನಕಾಯಿ, ಸಾಸಿವೆ ಒಗ್ಗರಣೆ ಮೂರೂ ಒಂದೇ ತಟ್ಟೆಯಲ್ಲಿ ಕೂತ್ರೆ ಅದು ಚೈನೀಸೂ ಅಲ್ಲ ಉಪ್ಪಿಟ್ಟೂ ಅಲ್ಲ. ಅದೂ ಅಲ್ದೆ ತೆಂಗಿನತುರಿ ಜೋರು ಉರಿಗೆ ಬೇಗ ಸೀಯತ್ತೆ. ಹಾಗಾಗಿ ಆ ಪಲ್ಯ ಇದ್ದ ದಿನ ಸೋಯಾ ಸಾಸ್ ಬಾಟ್ಲಿ ಮುಟ್ಬೇಡಿ, ದಿಕ್ಕನ್ನೇ ಬದಲಾಯಿಸಿ. ಈರುಳ್ಳಿ, ಹಸಿಮೆಣಸಿನಕಾಯಿ, ಶುಂಠಿ ಹುರಿದು ಅರ್ಧ ಚಮಚ ಸಾರಿನ ಪುಡಿನೋ ಗರಂ ಮಸಾಲೆನೋ ಹಾಕಿ, ನೂಡಲ್ಸು ಹಾಕಿ, ಕೊನೇಲಿ ಪಲ್ಯ ಉದುರಿಸಿ ಎರಡು ಸಲ ಎತ್ತಿ ಹಾಕಿ ಇಳಿಸಿ, ನಿಂಬೆಹಣ್ಣು ಹಿಂಡಿ, ಹುರಿದ ಕಡಲೆಕಾಯಿ ಬೀಜ ಮೇಲೆ ಹಾಕಿ. ವಿಚಿತ್ರ ಅನ್ಸತ್ತಾ? ಸಿಂಗಪೂರ್ ನೂಡಲ್ಸ್ ಅಂತ ಮೆನುಗಳಲ್ಲಿ ಇರತ್ತಲ್ಲ, ಹಾಂಗ್‌ಕಾಂಗ್‌ನಲ್ಲಿ ಜನಪ್ರಿಯ ಆಗಿರೋದು, ಅದರಲ್ಲೂ ಅಕ್ಕಿ ಶಾವಿಗೆಗೆ ಕರಿ ಪೌಡರ್ ಹಾಕೇ ಹುರಿಯೋದು. ನಮ್ಮ ಮಲೆನಾಡು ಕಡೆ ಒತ್ತು ಶಾವಿಗೆ ಉಳಿದ್ರೆ ಒಗ್ಗರಣೆ ಕೊಟ್ಟು ಕಾಯಿ ನಿಂಬೆಹಣ್ಣು ಹಾಕಿ ಕಲಸ್ತಾರಲ್ಲ, ಅದಕ್ಕೂ ಇದಕ್ಕೂ ತುಂಬಾ ದೂರ ಏನಿಲ್ಲ. ನಾನಂತೂ ಸೋಯಾ ಹಾಕಿದ್ದಕ್ಕಿಂತ ಇದನ್ನೇ ಇಷ್ಟಪಡ್ತೀನಿ.

ಆದ್ರೆ ನಿಮ್ಮ ಮಕ್ಕಳು ಕೇಳ್ತಿರೋದು ಗಾಡಿ ರುಚಿ. ಹಾಗಾದ್ರೆ ಇವತ್ತು ಪಲ್ಯನ ಊಟಕ್ಕೆ ಬಿಟ್ಟು, ಕೋಸು, ಕ್ಯಾಪ್ಸಿಕಂ, ಕಬಾಬು, ನೂಡಲ್ಸು ಈ ನಾಲ್ಕೇ ತಗೊಳ್ಳಿ. ನಾಲ್ಕು ಸಾಕು. ಕೋಸಿನ ಮಧ್ಯದ ಗಟ್ಟಿ ದಂಟು ಬಿಸಾಕ್ತೀರ ಅಲ್ವಾ, ಅದನ್ನ ಬೆಂಕಿಕಡ್ಡಿ ಗಾತ್ರಕ್ಕೆ ಸಣ್ಣಗೆ ಹೆಚ್ಚಿ ಹಾಕಿ, ಬಾಣಲೆಯಲ್ಲಿ ಕೊನೇ ತನಕ ಕರುಂ ಅಂತ ಉಳಿಯೋದು ಅದೇ. ಹೂಕೋಸಿನ ದಂಟೂ ಹಾಗೇ. ಕೊತ್ತಂಬರಿ ದಂಟಿದ್ರೆ ಸಣ್ಣಗೆ ಹೆಚ್ಚಿ ಬೆಳ್ಳುಳ್ಳಿ ಜೊತೆ ಹಾಕಿ, ಈರುಳ್ಳಿ ಹೂವು ಮನೇಲಿ ಇಲ್ಲ ಅನ್ನೋ ಕೊರಗು ಹೋಗತ್ತೆ.

ಆ ಗಡ್ಡೆ ಬಿಡಿಸೋದು ಹೇಗೆ ಅಂತ ಸರಿಯಾಗಿ ಹೇಳ್ತೀನಿ, ಇಲ್ಲೇ ಎಲ್ಲರೂ ಅವಸರ ಮಾಡೋದು. ಸೌಟಲ್ಲಿ ಕುಟ್ಟಬೇಡಿ, ಎಳೆ ತುಂಡಾಗಿ ಪುಡಿ ಪುಡಿ ಆಗತ್ತೆ. ಗಡ್ಡೆನ ಹಾಗೇ ಜಾಲರಿ ಬುಟ್ಟಿಗೆ ಹಾಕಿ ಮೇಲಿಂದ ಚೆನ್ನಾಗಿ ಕುದ್ದ ನೀರು ಒಂದು ಚೊಂಬು ಸುರೀರಿ, ಫೋರ್ಕಿಂದ ಅಂಚಿಂದ ಶುರು ಮಾಡಿ ಮೆಲ್ಲಗೆ ಎಳೀತಾ ಬನ್ನಿ, ಮಧ್ಯಕ್ಕೆ ಕೈ ಹಾಕ್ಬೇಡಿ. ಅಂಚು ಬಿಟ್ಕೊಂಡ್ರೆ ಮಧ್ಯ ತಾನಾಗೇ ಬಿಟ್ಕೊಳತ್ತೆ. ತಕ್ಷಣ ತಣ್ಣೀರು ಸುರಿದು ಬುಟ್ಟಿನ ಜೋರಾಗಿ ಕೊಡವಿ, ಒಣ ಬಟ್ಟೆ ಮೇಲೋ ಅಗಲ ತಟ್ಟೆ ಮೇಲೋ ಹರಡಿ ಫ್ಯಾನ್ ಕೆಳಗೆ ಹತ್ತು ನಿಮಿಷ ಬಿಡಿ. ಮುಟ್ಟಿದ್ರೆ ಕೈಗೆ ನೀರು ಹತ್ತಬಾರ್ದು. ಆಮೇಲೆ ಒಂದು ಟೀ ಚಮಚ ಎಣ್ಣೆ ಕೈಗೆ ಸವರ್ಕೊಂಡು ಎಳೆಗಳಿಗೆ ಮೆತ್ತಿ. ಅಕ್ಕಿ ನೂಡಲ್ಸ್ ಆದ್ರೆ ಕುದಿಯೋ ನೀರು ಬೇಡ, ಬರೀ ಬಿಸಿ ನೀರಲ್ಲಿ ಅದ್ದಿ ತೆಗೆದ್ರೆ ಸಾಕು, ಇಲ್ಲಾಂದ್ರೆ ಕರಗೇ ಹೋಗತ್ತೆ. ಮುಂದಿನ ಸಲ ಉಳಿಯತ್ತೆ ಅಂತ ಗೊತ್ತಿದ್ರೆ ರಾತ್ರಿಯೇ ಎಣ್ಣೆ ಸವರಿ ಡಬ್ಬಿಗೆ ಹಾಕಿ, ಈ ಒದ್ದಾಟವೇ ಇರಲ್ಲ.

ಕಬಾಬಿನ ಮೂಳೆ ಬಿಡಿಸಿ ಉದ್ದುದ್ದ ಸೀಳಿ ಇಟ್ಕೊಳ್ಳಿ. ಬೆಳ್ಳುಳ್ಳಿ ಏಳೆಂಟು ಎಸಳು ಚಾಕುವಲ್ಲಿ ಸಣ್ಣಗೆ ಹೆಚ್ಚಿ, ಪೇಸ್ಟ್ ಹಾಕ್ಬೇಡಿ, ಪೇಸ್ಟಲ್ಲಿ ನೀರಿರತ್ತೆ, ತಳ ಹಿಡಿದು ಕಹಿ ಆಗತ್ತೆ. ಸಾಸನ್ನ ಮೊದಲೇ ಒಂದು ಲೋಟದಲ್ಲಿ ಕಲಸಿಡಿ, ಉರಿ ಜೋರಿದ್ದಾಗ ಬಾಟ್ಲಿ ಮುಚ್ಚಳ ತಿರುಗಿಸ್ತಾ ನಿಂತ್ರೆ ಆಗಲ್ಲ. 150 ಗ್ರಾಂ ಪ್ಯಾಕೆಟ್ ಬೇಯಿಸಿದ್ರೆ ಎಷ್ಟಾಗತ್ತೋ ಅಷ್ಟು ನೂಡಲ್ಸಿಗೆ, ಅಂದ್ರೆ ಎರಡು ಪ್ಲೇಟಿಗೆ, ಸೋಯಾ ಸಾಸ್ ಒಂದು ಟೇಬಲ್ ಚಮಚ, ಚಿಲ್ಲಿ ಸಾಸ್ ಒಂದು ಟೀ ಚಮಚ, ಕಾಲು ಟೀ ಚಮಚ ಸಕ್ಕರೆ, ಕುಟ್ಟಿದ ಕಾಳುಮೆಣಸು ಕಾಲು ಚಮಚ. ಇಷ್ಟೇನಾ ಅನ್ಸತ್ತೆ, ಇಷ್ಟೇ. ಉಪ್ಪು ಹಾಕಲೇಬೇಡಿ ಈಗ. ಒಂದು ಟೇಬಲ್ ಚಮಚ ಸೋಯಾ ಸಾಸಲ್ಲೇ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರತ್ತೆ, ಕಬಾಬಲ್ಲಿ ಉಪ್ಪಿದೆ, ನೂಡಲ್ಸ್ ಬೇಯಿಸೋವಾಗಲೂ ಹಾಕಿರ್ತೀರ. ಎಲ್ಲಾ ಆದಮೇಲೆ ಒಂದು ಎಳೆ ಬಾಯಿಗೆ ಹಾಕ್ಕೊಂಡು ನೋಡಿ ಬೇಕಂದ್ರೆ ಮಾತ್ರ.

ಅಂದ ಹಾಗೆ ಫ್ರಿಡ್ಜ್ ಬಾಗಿಲಲ್ಲಿ ಹೋಟ್ಲು ಪಾರ್ಸಲ್ ಜೊತೆ ಬಂದ ಕೆಚಪ್ಪು, ಚಿಲ್ಲಿ ಸಾಸಿನ ಪುಟಾಣಿ ಪ್ಯಾಕೆಟ್ಟುಗಳು ರಾಶಿ ಬಿದ್ದಿರತ್ವಲ್ಲ, ಅವು ಖರ್ಚಾಗೋ ಜಾಗ ಇದೇ, ತಾರೀಕು ನೋಡ್ಕೊಂಡು ಬಳಸಿ. ಬಣ್ಣ ಮಾತ್ರ ಬೇಡ. 2024ರ ಮಾರ್ಚಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧ ಮಾಡಿದ್ದು ನೆನಪಿರ್ಬೇಕು, ಮನೇಲಿ ಅದನ್ನ ನಾವೇ ದುಡ್ಡು ಕೊಟ್ಟು ತಂದು ಹಾಕ್ಕೊಳ್ಳೋದು ಯಾಕೆ? ಕೆಂಪು ಬೇಕಂದ್ರೆ ಬ್ಯಾಡಗಿ ಮೆಣಸಿನಕಾಯಿ ಬಿಸಿ ನೀರಲ್ಲಿ ನೆನೆಸಿ ರುಬ್ಬಿ ಅರ್ಧ ಚಮಚ ಹಾಕಿ, ಖಾರನೂ ಜಾಸ್ತಿ ಆಗಲ್ಲ.

ಈಗ ಬಾಣಲೆ. ಖಾಲಿ ಬಾಣಲೆನ ಜೋರು ಉರಿಯಲ್ಲಿ ಕಾಯಿಸಿ, ಒಂದು ಹನಿ ನೀರು ಚಿಮುಕಿಸಿದ್ರೆ ಅದು ಗುಂಡಾಗಿ ಓಡಾಡ್ಬೇಕು. ಎರಡು ಟೇಬಲ್ ಚಮಚ ಕಡಲೆಕಾಯಿ ಎಣ್ಣೆ ಹಾಕಿ ಸುತ್ತ ಆಡಿಸಿ, ಬೆಳ್ಳುಳ್ಳಿ ಹಾಕಿ ಹತ್ತು ಎಣಿಸಿ, ಕೆಂಪಗಾಗೋಕೆ ಬಿಡ್ಬೇಡಿ, ಕೋಸಿನ ದಂಟು ಹಾಕಿ, ಅರ್ಧ ನಿಮಿಷ ಬಿಟ್ಟು ಕ್ಯಾಪ್ಸಿಕಂ, ಆಮೇಲೆ ಕೋಸು. ಒಂದೊಂದೂ ಬಿದ್ದಮೇಲೆ ಆ ಚರ್ರ್ ಸದ್ದು ವಾಪಸ್ ಬಂದ್ಮೇಲೇ ಮುಂದಿನದು. ಕೋಸಿನ ಅಂಚು ಅಲ್ಲಲ್ಲಿ ಕಂದು ಚುಕ್ಕೆ ಬಂದ್ರೆ ಸಾಕು, ಮೆತ್ತಗಾಗ್ಬಾರ್ದು. ಈಗ ನೂಡಲ್ಸು. ಹಾಕಿದ ತಕ್ಷಣ ಕಲಕೋಕೆ ಹೋಗ್ಬೇಡಿ, ಬಾಣಲೆ ತುಂಬಾ ಹರಡಿ ಪೂರ್ತಿ ಮುಕ್ಕಾಲು ನಿಮಿಷ ಸುಮ್ನೆ ಬಿಡಿ. ಗಾಡಿ ಘಮದ ಗುಟ್ಟು ಬಹುಪಾಲು ಇಲ್ಲಿದೆ, ಕೆಳಗಿನ ಎಳೆಗಳು ಸ್ವಲ್ಪ ಸುಟ್ಟಂತಾಗಿ ಗರಿ ಆಗ್ಬೇಕು. ಆಮೇಲೆ ಎರಡು ಸೌಟಲ್ಲಿ ಅಡಿಯಿಂದ ಎತ್ತಿ ಮೇಲೆ ಹಾಕಿ, ಅದುಮಬೇಡಿ. ಸಾಸನ್ನ ನೂಡಲ್ಸ್ ಮೇಲೆ ಸುರೀಬೇಡಿ, ಬಾಣಲೆ ಅಂಚಿನ ಸುತ್ತ ಕಾದ ಲೋಹದ ಮೇಲೆ ಬೀಳೋ ಹಾಗೆ ಬಿಡಿ, ಅದು ಬಿದ್ದಲ್ಲೇ ಕುದ್ದು ನೀರು ಹಾರಿ ಸೋಯಾ ಸುಟ್ಟ ವಾಸನೆ ಮೂಗಿಗೆ ಹೊಡೀಬೇಕು. ಕಬಾಬು ಕಟ್ಟಕಡೆಗೆ, ಆದ್ರೆ ಬರೀ ಬೆಚ್ಚಗಾದ್ರೆ ಸಾಲದು, ಮಾಂಸ ಒಳಗಿನ ತನಕ ಹೊಗೆಯಾಡೋ ಹಾಗೆ ಬಿಸಿ ಆಗ್ಲೇಬೇಕು, ಅದಕ್ಕೇ ಸಣ್ಣಗೆ ಸೀಳಿ ಅಂದಿದ್ದು. ತೀರಾ ತಣ್ಣಗಿದ್ರೆ ಮೊದಲೇ ಬೇರೆ ತವಾ ಮೇಲೆ ಹುರಿದಿಟ್ಕೊಳ್ಳಿ. ಗ್ಯಾಸ್ ಆರಿಸಿ, ಒಂದು ಟೀ ಚಮಚ ವಿನೆಗರ್ ಹಾಕಿ ಒಂದು ಸಲ ಎತ್ತಿ ಹಾಕಿ, ಮುಗೀತು. ವಿನೆಗರ್ ಮೊದಲೇ ಹಾಕಿದ್ರೆ ಅದರ ಚುರುಕು ಆವಿಯಲ್ಲೇ ಹೋಗತ್ತೆ.

ಮೊಟ್ಟೆ ಹಾಕೋದಾದ್ರೆ ಎಲ್ಲಕ್ಕಿಂತ ಮೊದಲು ಅದನ್ನ ಒಡೆದು ಹುರಿದು ತೆಗೆದಿಟ್ಟು ಕೊನೇಲಿ ಸೇರಿಸಿ. ಪನೀರೂ ಹಾಗೇ.

ಆ ಮೂರು ಚಪಾತಿ ಬಗ್ಗೆ ನೀವು ಏನೂ ಕೇಳ್ಲಿಲ್ಲ, ಸುಮ್ನೆ ಲಿಸ್ಟಲ್ಲಿ ಹೇಳಿದ್ರಿ, ಆದ್ರೆ ನಾಳೆ ಸಂಜೆಗೆ ನೂಡಲ್ಸೇ ಇಲ್ದೆ ನೂಡಲ್ಸ್ ಮಾಡೋಕೆ ಅವೇ ಸಾಕು. ಮೂರನ್ನೂ ಒಂದರ ಮೇಲೊಂದಿಟ್ಟು ಬಿಗಿಯಾಗಿ ಸುತ್ತಿ, ಹರಿತವಾದ ಚಾಕುವಲ್ಲಿ ಶಾವಿಗೆಗಿಂತ ಸ್ವಲ್ಪ ದಪ್ಪ ಕತ್ತರಿಸಿ ಬಿಡಿಸಿ. ಸ್ವಲ್ಪ ಒಣಗಿದ ಚಪಾತಿ ಇದ್ರೆ ಇನ್ನೂ ವಾಸಿ. ಮೇಲೆ ಹೇಳಿದ ಕ್ರಮದಲ್ಲೇ ತರಕಾರಿ ಹುರಿದು ಸಾಸ್ ಅರ್ಧಕ್ಕೆ ಅರ್ಧ ಕಮ್ಮಿ ಮಾಡಿ, ಯಾಕಂದ್ರೆ ಚಪಾತಿ ಹಾಕಿದ್ದನ್ನೆಲ್ಲಾ ಹೀರ್ಕೊಂಡು ಮೆತ್ತಗಾಗತ್ತೆ. ಸಾಸ್ ಮೊದಲು ತರಕಾರಿಗೆ, ಅದು ಒಣಗಿದ ಮೇಲೆ ಚಪಾತಿ ಎಳೆ, ಒಂದು ನಿಮಿಷದೊಳಗೆ ಇಳಿಸಿ. ತಮಿಳುನಾಡಲ್ಲಿ ಉಳಿದ ಪರೋಟ ಕೊಚ್ಚಿ ಕೊತ್ತು ಪರೋಟ ಮಾಡ್ತಾರೆ, ಶ್ರೀಲಂಕಾದಲ್ಲಿ ಕೊತ್ತು ರೊಟ್ಟಿ, ಅದೇ ವಂಶದ್ದು ಇದು. ಎರಡೂ ಕಡೆ ಅದಕ್ಕೆ ಸಾಲ್ನಾ (ಪರೋಟ ಜೊತೆ ಕೊಡೋ ತೆಳು ಗ್ರೇವಿ) ಇಲ್ಲಾ ಗಟ್ಟಿ ಗ್ರೇವಿ ಹಾಕ್ತಾರೆ, ನಿಮ್ಮನೇಲಿ ಕೋಳಿ ಸಾರಿನ ತಳದಲ್ಲಿ ಗಟ್ಟಿಯಾಗಿ ಒಂದೆರಡು ಚಮಚ ಉಳಿದಿದ್ರೆ ಸಾಸ್ ಬದಲು ಅದನ್ನೇ ಚೆನ್ನಾಗಿ ಕುದಿಸಿ ಹಾಕಿ.

ಇದನ್ನ ಬೆಳಿಗ್ಗೆ ಮಾಡಿ ಸ್ಕೂಲ್ ಡಬ್ಬಿಗೆ ಹಾಕಬಹುದಾ ಅಂತ ಮುಂದಿನ ಪ್ರಶ್ನೆ ಬಂದೇ ಬರತ್ತೆ ಅಂತ ಗೊತ್ತು. ಉಳಿದ ಕಬಾಬು, ಉಳಿದ ನೂಡಲ್ಸಿಂದ ಮಾಡಿದ್ದನ್ನ ಹಾಕ್ಬೇಡಿ, ಅದು ಬಾಣಲೆಯಿಂದ ನೇರ ತಟ್ಟೆಗೆ ಬಂದು ಅಲ್ಲೇ ಖಾಲಿಯಾಗ್ಬೇಕಾದ್ದು, ಮಿಕ್ಕಿದ್ರೆ ಮತ್ತೆ ಫ್ರಿಡ್ಜಿಗೂ ಬೇಡ. ಡಬ್ಬಿಗೆ ಬೇಕೇ ಬೇಕಂದ್ರೆ ಬೆಳಿಗ್ಗೆ ಹೊಸದಾಗಿ ಬೇಯಿಸಿದ ನೂಡಲ್ಸು, ಬರೀ ತರಕಾರಿ, ಬಿಸಿ ಬಿಸಿ ಇರೋವಾಗಲೇ ಬಿಸಿನೀರು ಹಾಕಿ ಕಾಯಿಸಿಟ್ಟ ಥರ್ಮಸ್ ಥರದ ಡಬ್ಬಿಗೆ ತುಂಬಿ ಕಳ್ಸಿ. ಬೆಳಿಗ್ಗೆ ಟೈಮ್ ಇಲ್ಲಾಂದ್ರೆ ರಾತ್ರಿಯೇ ತರಕಾರಿ ಹೆಚ್ಚಿ ಸಾಸ್ ಕಲಸಿ ಫ್ರಿಡ್ಜಲ್ಲಿಟ್ಕೊಳ್ಳಿ, ನೂಡಲ್ಸ್ ಬೇಯೋ ನಾಲ್ಕು ನಿಮಿಷದಲ್ಲಿ ಪಕ್ಕದ ಒಲೆ ಮೇಲೆ ಬಾಣಲೆ ಕಾದಿರತ್ತೆ.